ಬೆನ್ನ ಹಿಂದಣ ದೀಪ

ಇಟಲಿಯ ಮಹಾಕವಿ ಡಾಂಟೆಯು (೧೨೬೫–೧೩೨೧) ‘ಡಿವೈನ್ ಕಾಮೆಡಿ’ಯಲ್ಲಿ ನರಕದಲ್ಲಿಯೂ ಪಾಪ ಕಳೆಯುವ ಶುದ್ಧಿಗಿರಿಯಲ್ಲಿಯೂ ತನಗೆ ದಾರಿ ತೋರಲು ವರ್ಜಿಲನನ್ನು ಆರಿಸಿಕೊಂಡನು. ಕ್ರಿ. ಪೂ. ೧೯ರಲ್ಲಿ ತೀರಿಕೊಂಡ ಈ ರೋಮನ್ ಕವಿಯು ಇಲ್ಲಿ ದೈವಾನುಗ್ರಹವಿಲ್ಲದ ಮಾನವಪ್ರಜ್ಞೆಯ ಪ್ರತೀಕನು. ಸಾಕ್ರಟೀಸ್, ಪ್ಲೇಟೋ, ಅರಿಸ್ಟಾಟಲರೊಡನೆ ಅವನ ನೆಲೆ ನರಕದ ಮೊದಲನೆಯ ವಲಯ. ಅಲ್ಲಿ ಚಿತ್ರಹಿಂಸೆಯಿಲ್ಲ, ಆದರೆ ದೇವದರ್ಶನದ ಆಸೆಯುಂಟು, ಭರವಸೆಯಿಲ್ಲ.

ಇದು ಅನ್ಯಾಯವಲ್ಲವೆ ಎಂದು ಸಹೃದಯರು ಕೇಳಬಹುದು. ಮತಸಿದ್ಧಾಂತದ ಉತ್ತರವು ಕಠಿನವಾದುದು. ಕವಿಯದು ಅಷ್ಟು ಸರಳವಲ್ಲ. ತನ್ನ ಬುದ್ಧಿಯನ್ನೇ ನೆಚ್ಚಿ ಜ್ಞಾನವನ್ನರಸಿ ಹೊರಟ ಯುಲಿಸಿಸನ ಹಡಗು ಆ ಗಿರಿಯನ್ನು ಕಂಡೊಡನೆಯೇ ಮುಳುಗುತ್ತದೆ. ವರ್ಜಿಲನಾದರೋ ತನ್ನ ಎಲ್ಲೆಯನ್ನು ಬಲ್ಲವನು. ಅದೇ ಗಿರಿಯ ಶಿಖರದವರೆಗೂ ಶಿಷ್ಯನನ್ನು ನಡೆಸುತ್ತಾನೆ. ಅವನ ಕಾವ್ಯವನ್ನೋದಿ ತಾನು ಕ್ರೈಸ್ತನಾದೆನೆನ್ನುವ ಸ್ಟೇಷಿಯಸ್ ಕವಿಯು, ಬೆನ್ನ ಹಿಂದೆ ದೀಪ ಹಿಡಿದು ಇರುಳಿನಲ್ಲಿ ನಡೆಯುವವನಿಗೆ ಅವನನ್ನು ಹೋಲಿಸುತ್ತಾನೆ. ಬೆಳಕು ಹಿಂಬರುವವರಿಗೆ ದೊರೆಯಿತು, ಹಿಡಿದವನಿಗೆ ದೊರೆಯಲಿಲ್ಲ.

ಸ್ವರ್ಗದಿಂದ ಬಿಯಾಟ್ರಿಸಳು ಇಳಿದುಬರಲು ವರ್ಜಿಲನು ಕಣ್ಮರೆಯಾಗುತ್ತಾನೆ, ಡಾಂಟೆಯು ಅಳುತ್ತಾನೆ. ಅವನು ಸಿದ್ಧಾಂತವನ್ನು ಸಡಿಲಿಸಲಿಲ್ಲ, ಗುರುಋಣವನ್ನೂ ಮರೆಯಲಿಲ್ಲ. ದೇವರನ್ನರಿಯದ ವಿವೇಕವು ಸಾಲದೆಂದು ಹೇಳಿದವರು ಅನೇಕರು; ಹಾಗೆ ಹೇಳುವಾಗ ಕಣ್ಣೀರಿಟ್ಟವರು ವಿರಳ. ಈ ಕರುಣರಸದಿಂದಲೇ ಅನ್ಯಮತೀಯರಿಗೂ ಆ ಕಾವ್ಯವು ಆಪ್ತವಾಗಿದೆ.