ಮೂರನೇ ಸಲದ ಮಾತು

ಭಾನುವಾರ ಬೆಳಿಗ್ಗೆ ನಮ್ಮ ಕನ್ನಡ ಕಲಿಕೆಯ ತರಗತಿಗೆ ಬರುವವರಿಗೆ ಕನ್ನಡ ಗೊತ್ತಿಲ್ಲ ಎನ್ನುವಂತಿಲ್ಲ. ಪದ ಗೊತ್ತು, ಪ್ರತ್ಯಯ ಗೊತ್ತು. ಬಾಯಿ ತೆರೆಯುವ ಹೊತ್ತಿಗೆ ಎಲ್ಲವೂ ಗಂಟಲಲ್ಲೇ ನಿಲ್ಲುತ್ತದೆ. ಆ ಗಂಟು ಸಡಿಲಿಸುವ ಉಪಾಯಗಳಲ್ಲಿ ನನಗೆ ತುಂಬ ಇಷ್ಟವಾದದ್ದು 'ನಾಲ್ಕು-ಮೂರು-ಎರಡು'. ಕೀತ್ ಮಾರಿಸ್ 1983ರಲ್ಲಿ ಬರೆದು ತಿಳಿಸಿದ ಇದನ್ನು ನ್ಯೂಜಿಲೆಂಡಿನ ಭಾಷಾ ಶಿಕ್ಷಣತಜ್ಞ ಪಾಲ್ ನೇಷನ್ ಪರೀಕ್ಷಿಸಿ ನೋಡಿ, 1989ರಲ್ಲಿ ಅದರ ಫಲ ಪ್ರಕಟಿಸಿದರು.

ಕ್ರಮ ಸರಳ. ಇಬ್ಬಿಬ್ಬರ ಜೋಡಿ. ಒಬ್ಬರು ತಮಗೆ ಚೆನ್ನಾಗಿ ಗೊತ್ತಿರುವ ಸಂಗತಿಯನ್ನು 4 ನಿಮಿಷ ಹೇಳಬೇಕು. ಇನ್ನೊಬ್ಬರು ಕೇಳಬೇಕು, ನಡುವೆ ಬಾಯಿ ಹಾಕಬಾರದು. ಆಮೇಲೆ ಜೋಡಿ ಬದಲಿಸಿ ಅದನ್ನೇ ಹೊಸಬರಿಗೆ 3 ನಿಮಿಷದಲ್ಲಿ, ಮತ್ತೊಬ್ಬರಿಗೆ 2 ನಿಮಿಷದಲ್ಲಿ ಹೇಳಬೇಕು. ಕೇಳುವವರು ಪ್ರತಿಸಲ ಹೊಸಬರಾದ್ದರಿಂದ ಅದು ಬಾಯಿಪಾಠವಾಗುವುದಿಲ್ಲ. ಏನು ಹೇಳಬೇಕೆಂಬ ಚಿಂತೆ ಮೊದಲ ಸುತ್ತಿನಲ್ಲೇ ಮುಗಿದಿರುತ್ತದೆ; ಉಳಿದ ಗಮನವೆಲ್ಲ ಹೇಗೆ ಹೇಳಬೇಕೆಂಬುದರ ಮೇಲೆ. ಹೊತ್ತು ಕಡಿಮೆಯಾದಂತೆ ಮನಸ್ಸಿನಲ್ಲೇ ಅನುವಾದ ಮಾಡಿಕೊಳ್ಳಲು ಪುರಸೊತ್ತೂ ಇರುವುದಿಲ್ಲ.

ಕನ್ನಡಕ್ಕೆ ಇದು ಇನ್ನಷ್ಟು ಒಗ್ಗುತ್ತದೆ. ನಮ್ಮ ಪುಸ್ತಕದ ಭಾಷೆಗೂ ಆಡುಮಾತಿಗೂ ಅಂತರ ದೊಡ್ಡದು. ಮೊದಲ ಸುತ್ತಿನಲ್ಲಿ 'ನಾನು ಹೋಗುತ್ತಿದ್ದೇನೆ' ಎಂದು ಅಕ್ಷರಕ್ಕೆ ಅಕ್ಷರ ಪೋಣಿಸಿದವರು ಮೂರನೆಯದರಲ್ಲಿ 'ಹೋಗ್ತಿದೀನಿ' ಎನ್ನುತ್ತಾರೆ. 'ನಾನು' ಉದುರಿಹೋಗುತ್ತದೆ, ಕ್ರಿಯಾಪದವೇ ಅದನ್ನು ಹೇಳುತ್ತದಲ್ಲ. ಬೀದಿಯಲ್ಲಿ, ಅಂಗಡಿಯಲ್ಲಿ ಕಿವಿಗೆ ಬಿದ್ದಿದ್ದ ರೂಪ ಅವಸರದಲ್ಲಿ ನಾಲಿಗೆಗೆ ಬರುತ್ತದೆ.

ಎರಡು ಎಚ್ಚರ ಬೇಕು. ತಿದ್ದದೆ ಬಿಟ್ಟರೆ ಒಂದೇ ತಪ್ಪು ಮೂರು ಸಲ ಬಾಯಿಗೆ ಬಂದು ಗಟ್ಟಿಯಾಗುತ್ತದೆ; ನಡುವೆ ತಿದ್ದಿದರೆ ಮಾತೇ ನಿಲ್ಲುತ್ತದೆ. ಅದಕ್ಕೇ ಮೊದಲ ಸುತ್ತಾದ ಮೇಲೆ ಒಂದನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ: 'ನಾನು ಹಸಿವಾಯ್ತು' ಅಲ್ಲ, 'ನಂಗೆ ಹಸಿವಾಯ್ತು'. ಇನ್ನೊಂದು, ತಡವರಿಸುವುದಕ್ಕೂ ಕನ್ನಡವನ್ನೇ ಕೊಡಬೇಕು. 'ಅದೇ...', 'ಏನಂದ್ರೆ...', 'ಹೆಂಗೆ ಹೇಳ್ಲಿ...' ಇವಿಷ್ಟು ಬಾಯಲ್ಲಿದ್ದರೆ ಪದ ಹುಡುಕುವಾಗಲೂ ಇಂಗ್ಲಿಷಿಗೋ ಹಿಂದಿಗೋ ಜಾರಬೇಕಿಲ್ಲ.

ಕಳೆದ ವಾರ ವಿದ್ಯಾರ್ಥಿನಿಯೊಬ್ಬರು ಬಸ್ಸು ತಪ್ಪಿದ ಕಥೆ ಹೇಳಿದರು. ಮೊದಲ ಸಲ ನನ್ನ ಮುಖ ನೋಡುತ್ತ, 'ನನಗೆ ಬಸ್ಸು ಸಿಗಲಿಲ್ಲ'. ಮೂರನೇ ಸಲ ಎದುರು ಕೂತವರ ಕಡೆ ಬಾಗಿ, 'ಬಸ್ಸೇ ಸಿಗ್ಲಿಲ್ಲ ರೀ!' ಆ ಏಕಾರವನ್ನಾಗಲಿ, 'ರೀ'ಯನ್ನಾಗಲಿ ನಾನು ಪಾಠ ಮಾಡಿರಲಿಲ್ಲ. ಎದುರಿಗೆ ಕೇಳುವ ಜೀವವೊಂದಿತ್ತು, ಬಂದವು.