ಗೆರೆ ಹಿಡಿದು ಓಡುವ ರೋಬಾಟ್: ಸಂವೇದಕ ಕಾಣುವುದೇನನ್ನು?

ಶಾಲಾ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಕಪ್ಪು ಗೆರೆಯ ಮೇಲೆ ಓಡುವ ಪುಟ್ಟ ರೋಬಾಟ್ ಈಗ ಸಾಮಾನ್ಯ. 2016ರಲ್ಲಿ ನೀತಿ ಆಯೋಗ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಿಂದಾಗಿ ಸಂವೇದಕಗಳು ಹಲವು ಗ್ರಾಮೀಣ ಶಾಲೆಗಳಿಗೂ ತಲುಪಿವೆ. ಇದು ಸ್ವಾಗತಾರ್ಹ. ಆದರೆ 'ಸಂವೇದಕ ಕಪ್ಪು ಬಣ್ಣವನ್ನು ಗುರುತಿಸುತ್ತದೆ' ಎಂದು ಮಕ್ಕಳು ಒಪ್ಪಿಸುವ ವಿವರಣೆಯನ್ನು ಒಪ್ಪಲಾಗದು.

ಸಂವೇದಕಕ್ಕೆ ಬಣ್ಣ ತಿಳಿಯದು. ಹೆಚ್ಚು ಬಳಕೆಯಲ್ಲಿರುವ ಟಿಸಿಆರ್‌ಟಿ 5000 ಅನ್ನೇ ನೋಡಿ. ಅದರ ಎಲ್‌ಇಡಿ ಸುಮಾರು 950 ನ್ಯಾನೊಮೀಟರ್ ತರಂಗದೂರದ ಅವಕೆಂಪು ಬೆಳಕನ್ನು ಸೂಸುತ್ತದೆ. ಪಕ್ಕದ ಫೋಟೋಟ್ರಾನ್ಸಿಸ್ಟರ್, ಪ್ರತಿಫಲನಗೊಂಡು ಮರಳಿದ ಬೆಳಕಿಗೆ ತಕ್ಕಷ್ಟು ವಿದ್ಯುತ್ತನ್ನು ಹರಿಯಗೊಡುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಸ್ಥೂಲವಾಗಿ 400ರಿಂದ 700 ನ್ಯಾನೊಮೀಟರ್ ಮಾತ್ರ. ಹೀಗಾಗಿ ಕಣ್ಣಿಗೆ ಕಪ್ಪಾದುದೆಲ್ಲ ಸಂವೇದಕಕ್ಕೂ ಕಪ್ಪಾಗಬೇಕಿಲ್ಲ. ಇಂಗಾಲದ ಮಸಿ ಅವಕೆಂಪನ್ನೂ ಹೀರುತ್ತದೆ; ಕೆಲವು ಕಪ್ಪು ಶಾಯಿಗಳು, ಬಟ್ಟೆಯ ಬಣ್ಣಗಳು ಹೆಚ್ಚೇನೂ ಹೀರುವುದಿಲ್ಲ.

ಕಿಟ್‌ಗಳ ಕೊರತೆ ಇರುವುದು ಇಲ್ಲಿಯೇ. ಮಾಡ್ಯೂಲಿನ ಎಲ್‌ಎಂ 393 ಚಿಪ್ಪು ಈ ಸೂಕ್ಷ್ಮ ವ್ಯತ್ಯಾಸಗಳನ್ನೆಲ್ಲ 0 ಅಥವಾ 1 ಎಂದು ಕತ್ತರಿಸಿಬಿಡುತ್ತದೆ. ಪ್ರಿಸೆಟ್ ತಿರುಗಿಸಿ ದೀಪ ಹೊತ್ತಿಸಿದರೆ ಪಾಠ ಮುಗಿಯಿತು! ಅನೇಕ ಮಾಡ್ಯೂಲ್‌ಗಳಲ್ಲಿ ಅನಲಾಗ್ ಪಿನ್ ಕೂಡ ಇರುತ್ತದೆ. ಅದನ್ನು ಆರ್ಡುಯಿನೊ ಊನೊಗೆ ಜೋಡಿಸಿದರೆ 0ರಿಂದ 1023ರವರೆಗಿನ ಅಂಕಿ ದೊರೆಯುತ್ತದೆ. ಭೌತವಿಜ್ಞಾನ ಆರಂಭವಾಗುವುದು ಆ ಅಂಕಿಯಿಂದ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಶಿಕ್ಷಕರಿಗೆ ಪ್ರಯೋಗಸಾಮಗ್ರಿ ಕೈಗೆಟುಕುವಲ್ಲೇ ಇದೆ. ಚನ್ನಪಟ್ಟಣದ ಅರಗಿನ ಆಟಿಕೆಯ ಮೈ ನುಣುಪು. ಕಪ್ಪು ಅರಗಾದರೂ ಕೆಲವು ಕೋನಗಳಲ್ಲಿ ಕನ್ನಡಿಯಂತೆ ಬೆಳಕನ್ನು ಮರಳಿಸಬಲ್ಲದು. ಅರಗು ಹಚ್ಚದ ಮರದ ತುಂಡು ಬೆಳಕನ್ನು ಚದುರಿಸುತ್ತದೆ. ರೇಷ್ಮೆಗೂಡು, ಗ್ರಾನೈಟ್ ಚೂರು, ರಾಗಿ ಹೊಲದ ಕೆಮ್ಮಣ್ಣು ಇವುಗಳನ್ನೂ ಅಳೆಯಿಸಿ. ಮಣ್ಣನ್ನು ಒಣಗಿದ್ದಾಗ ಒಮ್ಮೆ, ನೆನೆಸಿ ಇನ್ನೊಮ್ಮೆ ಅಳೆದರೆ ಅಂಕಿ ಏಕೆ ಬದಲಾಯಿತೆಂದು ಮಕ್ಕಳೇ ಕೇಳುತ್ತಾರೆ. ದೂರವನ್ನು 1ರಿಂದ 15 ಮಿಲಿಮೀಟರ್‌ವರೆಗೆ ಬದಲಿಸಿ ನಕ್ಷೆ ಬರೆಯಿಸಿ; ಪ್ರತಿಕ್ರಿಯೆ ಸುಮಾರು 2.5 ಮಿಲಿಮೀಟರ್‌ನಲ್ಲಿ ಗರಿಷ್ಠವಾಗಬೇಕು.

ಕೊಠಡಿಯಲ್ಲಿ ಸರಿಯಾಗಿ ಓಡಿದ ರೋಬಾಟ್ ಅಂಗಳದಲ್ಲಿ ದಾರಿ ತಪ್ಪಿದರೆ ಅದೂ ಪಾಠವೇ. ಬಿಸಿಲಿನಲ್ಲೂ ಅವಕೆಂಪು ಇದೆ. ಎಲ್‌ಇಡಿ ಆರಿಸಿ ಒಮ್ಮೆ, ಹೊತ್ತಿಸಿ ಇನ್ನೊಮ್ಮೆ ಅಳೆದು ವ್ಯತ್ಯಾಸ ತೆಗೆದರೆ ಹಿನ್ನೆಲೆ ಬೆಳಕಿನ ಪಾಲು ಬಹುಮಟ್ಟಿಗೆ ಕಳೆದುಹೋಗುತ್ತದೆ. ಆದರೆ ಬಿಸಿಲಿಗೆ ಫೋಟೋಟ್ರಾನ್ಸಿಸ್ಟರ್ ಪೂರ್ತಿ ತುಂಬಿಹೋಗಿದ್ದರೆ ಈ ಉಪಾಯ ಸಾಗದು. ಆಗ ನೆರಳಿನ ಮರೆಯೇ ಬೇಕು.

ತೀರ್ಪುಗಾರರಲ್ಲಿ ಒಂದು ವಿನಂತಿ. ರೋಬಾಟ್ ಸುತ್ತು ಮುಗಿಸಿತೇ ಎಂದಷ್ಟೇ ನೋಡಬೇಡಿ. ಅಳತೆಯ ಪಟ್ಟಿ ಎಲ್ಲಿದೆ ಎಂದು ಕೇಳಿ. ಪಟ್ಟಿ ಇರುವ ಮಗು, ಗೆರೆ ತಪ್ಪಿದ ರೋಬಾಟಿನೊಡನೆ ನಿಂತಿದ್ದರೂ ಪ್ರಯೋಗ ಮಾಡಿದೆ.