ಬೈಗುಳದ ಬೇರು ನಿಘಂಟಿನಲ್ಲಿಲ್ಲ

ಜಾತಿಯ ಹೆಸರು ಹಿಡಿದು ಬೈದವರು ಸಿಕ್ಕಿಬಿದ್ದಾಗ ಮೊದಲು ಕೈಚಾಚುವುದು ನಿಘಂಟಿಗೆ. ಹೊಲೆಯ ಅಂದರೆ ಹೊಲದವನು, ಈ ನೆಲದ ಮೂಲ ಮನುಷ್ಯ, ಅದರಲ್ಲಿ ತಪ್ಪೇನು ಎಂದು ಓದಿಕೊಂಡವರೂ ವಾದಿಸುತ್ತಾರೆ. ನಿಘಂಟು ಕೈಕೊಟ್ಟರೆ ಮನಸ್ಸಿನ ಮೊರೆ ಹೋಗುತ್ತಾರೆ: ನೋಯಿಸುವ ಉದ್ದೇಶ ಇರಲಿಲ್ಲ, ಬಾಯಿತಪ್ಪಿ ಬಂತು. ಒಂದು ಸಮುದಾಯವನ್ನು ಹೀಗಳೆಯುವ ಮಾತಿಗೆ ವಿಷ ಬರುವುದು ಅರ್ಥದಿಂದಲೋ, ಇತಿಹಾಸದಿಂದಲೋ, ಆಡಿದ ಸಂದರ್ಭದಿಂದಲೋ ಎಂಬ ಪ್ರಶ್ನೆ ತತ್ತ್ವಶಾಸ್ತ್ರದ ತರಗತಿಗೆ ಸೇರಿದ್ದು ಅನ್ನಿಸಬಹುದು. ನಮ್ಮಲ್ಲಿ ಅದು ಪೊಲೀಸ್ ಠಾಣೆಯಲ್ಲೂ ಏಳುತ್ತದೆ, ಮನೆಯ ಜಗಲಿಯಲ್ಲೂ ಏಳುತ್ತದೆ.

ನಿಘಂಟಿನ ವಾದಕ್ಕೆ ಸುಪ್ರೀಂ ಕೋರ್ಟ್ 2008ರಲ್ಲೇ ಉತ್ತರ ಕೊಟ್ಟಿದೆ. ಗೇಟಿನ ಬಳಿ ನಿಲ್ಲಿಸಿದ್ದ ಕಾರಿನ ಪಕ್ಕ ನಿಂತಿದ್ದ ಮನುಷ್ಯನನ್ನು 'ಚಮಾರ್' ಎಂದು ಕರೆದ ಆರೋಪದ ಸ್ವರಣ್ ಸಿಂಗ್ ಪ್ರಕರಣ ಅದು. ಪದದ ವ್ಯುತ್ಪತ್ತಿಯನ್ನಲ್ಲ, ಬಳಕೆಯಿಂದ ಅದಕ್ಕೆ ಬಂದಿರುವ ಜನರ ಅರ್ಥವನ್ನು ನೋಡಬೇಕು ಎಂದಿತು ನ್ಯಾಯಾಲಯ. ತೀರ್ಪಿನ ಈ ಭಾಗ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಆದರೆ ಅರ್ಥವೊಂದನ್ನೇ ನಂಬಿ ಹೊರಟರೆ 'ಹರಿಜನ' ಎಂಬ ಮಾತು ದಾರಿಗಡ್ಡ ನಿಲ್ಲುತ್ತದೆ. ಅಕ್ಷರಶಃ ನೋಡಿದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಗಾಂಧೀಜಿ 1933ರಲ್ಲಿ ತಮ್ಮ ಪತ್ರಿಕೆಗೇ ಆ ಹೆಸರಿಟ್ಟರು. ಅಂಬೇಡ್ಕರ್ ಒಪ್ಪಲಿಲ್ಲ, 1938ರಲ್ಲಿ ಅದೇ ಪದದ ವಿಚಾರಕ್ಕೆ ಮುಂಬೈ ಶಾಸನಸಭೆಯಿಂದ ತಮ್ಮವರೊಂದಿಗೆ ಹೊರನಡೆದರು. 2017ರ ಹೊತ್ತಿಗೆ ಸುಪ್ರೀಂ ಕೋರ್ಟೇ ಅದನ್ನು ಅವಮಾನಕ್ಕೆ ಬಳಕೆಯಾಗುವ ಮಾತು ಎಂದು ಗುರುತಿಸಿತು. ಕರೆಯುವವರ ಮನಸ್ಸಿನಲ್ಲಿ ಕೇರಿ ಹಾಗೇ ಉಳಿದಿದ್ದರೆ ಎಂಥ ಸುಂದರ ಪದವೂ ಕೆಲವೇ ವರ್ಷಗಳಲ್ಲಿ ಮೈಲಿಗೆಯಾಗುತ್ತದೆ. ಇಂದು ಹಾಸ್ಟೆಲುಗಳಲ್ಲಿ 'ಕೋಟಾ', 'ಎಸ್ಸಿ' ಎಂಬ ಕಚೇರಿಯ ಪದಗಳನ್ನು ತುಟಿ ಕೊಂಕಿಸಿ ಆಡುವುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜನಾಂಗೀಯ ನಿಂದನೆಯ ಬಗ್ಗೆ ಪಶ್ಚಿಮದಲ್ಲಿ ಈಚೆಗೆ ಗಂಭೀರ ಚರ್ಚೆ ನಡೆದಿದೆ. ನಿಂದನೆಯ ಪದದ ಅರ್ಥದೊಳಗೇ ತಾರತಮ್ಯದ ವ್ಯವಸ್ಥೆ ಅಡಗಿದೆ ಎಂದು ತತ್ತ್ವಶಾಸ್ತ್ರಜ್ಞ ಕ್ರಿಸ್ಟೋಫರ್ ಹಾಮ್ 2008ರಲ್ಲಿ ವಾದಿಸಿದರು. ಲೂವೆಲ್ ಆಂಡರ್ಸನ್ ಮತ್ತು ಅರ್ನಿ ಲಿಪೋರ್ 2013ರಲ್ಲಿ ಬೇರೆ ಮಾತು ಹೇಳಿದರು: ಅರ್ಥದಲ್ಲಿ ಏನೂ ಇಲ್ಲ, ಆ ಪದ ನಿಷಿದ್ಧ, ನಿಷೇಧ ಮುರಿದದ್ದೇ ಅಪರಾಧ. ಈ ಎರಡನೆಯ ಸಿದ್ಧಾಂತ ನಮ್ಮ ಅನುಭವದ ಮುಂದೆ ನಿಲ್ಲುವುದಿಲ್ಲ. ಇಲ್ಲಿ ಯಾರೂ ನಿಷೇಧಿಸಿರದ ಕಾಲದಲ್ಲಿ, ಹಗಲು ಹೊತ್ತಿನಲ್ಲಿ, ಊರಿನವರೆಲ್ಲ ಹಕ್ಕಿನಂತೆ ಆ ಹೆಸರುಗಳನ್ನು ಹಿಡಿದು ಕೂಗಿದ್ದಾರೆ. ಆಗಲೂ ನೋವಾಗುತ್ತಿತ್ತು. ನಿಷೇಧ ಬಂದದ್ದು ಆ ನೋವಿಗೆ ಬಾಯಿ ಬಂದಮೇಲೆ.

ನನಗೆ ಹೆಚ್ಚು ಹತ್ತಿರವಾಗುವುದು ಭಾಷಾಶಾಸ್ತ್ರಜ್ಞ ಜೆಫ್ರಿ ನನ್‌ಬರ್ಗ್ ಅವರ ವಿಚಾರ. ನಿಂದಕ ಪದವನ್ನು ಆಡಿದವನು ಆ ಪದ ಯಾರದ್ದೋ ಅವರ ಗುಂಪಿಗೆ ತನ್ನನ್ನು ಸೇರಿಸಿಕೊಳ್ಳುತ್ತಾನೆ, ಅವರ ದನಿಯಲ್ಲಿ ಮಾತಾಡುತ್ತಾನೆ ಎನ್ನುತ್ತಾರೆ ಅವರು. 2023ರ ಆಗಸ್ಟ್‌ನಲ್ಲಿ ನಟ ಉಪೇಂದ್ರ ಜಾಲತಾಣದ ನೇರಪ್ರಸಾರದಲ್ಲಿ ಬಳಸಿದ ಗಾದೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಎಲ್ಲ ಕಡೆ ಕೆಟ್ಟದ್ದೂ ಇರುತ್ತದೆ ಎನ್ನಲು ಊರಿನ ಜೊತೆಗೆ ದಲಿತರ ಕೇರಿಯ ಹೆಸರನ್ನು ಎಳೆದು ತರುವ ಗಾದೆ ಅದು. ಅವರು ಮಾತಾಡುತ್ತಿದ್ದದ್ದು ತಮ್ಮ ಟೀಕಾಕಾರರ ಬಗ್ಗೆ. ಆಕ್ಷೇಪ ಬಂದಮೇಲೆ ವಿಡಿಯೊ ಅಳಿಸಿ ಕ್ಷಮೆ ಕೇಳಿದರು, ಪೊಲೀಸ್ ಪ್ರಕರಣಕ್ಕೆ ಹೈಕೋರ್ಟ್ ತಡೆ ನೀಡಿತು. ಅವರಿಗೆ ದುರುದ್ದೇಶ ಇರಲಿಲ್ಲ ಎಂದೇ ಒಪ್ಪೋಣ. ಗಾದೆಗೆ ಆಡಿದವರ ಉದ್ದೇಶ ಬೇಕಾಗಿಲ್ಲ. ಗಾದೆಯಲ್ಲಿ ಮಾತಾಡುವುದು ಊರು. ಯಾವುದು ಊರು, ಯಾವುದು ಅದರ ಹೊರಗಿನ ಕೊಳೆ ಎಂದು ಅದು ಮೊದಲೇ ತೀರ್ಮಾನಿಸಿಟ್ಟಿದೆ. ಕೇರಿ ಕೆಟ್ಟದ್ದು ಎಂಬುದನ್ನು ಸಾಧಿಸಲು ಹೋಗುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ ಅದರ ಮೇಲೆ ಇನ್ನೊಂದು ಮಾತನ್ನು ಕಟ್ಟುತ್ತದೆ. ಮುಖಕ್ಕೆ ಬೈದವನ ಜೊತೆ ಜಗಳವಾದರೂ ಆಡಬಹುದು. ಗಾದೆಯ ಜೊತೆ ಜಗಳ ಆಡುವುದು ಹೇಗೆ? ಅದಕ್ಕೇ ಇಂಥ ಗಾದೆಗಳನ್ನು ನೇರ ಬೈಗುಳಕ್ಕಿಂತ ಹಗುರ ಎಂದು ನಾನು ಎಣಿಸಲಾರೆ.

ಆದರೂ ನನ್‌ಬರ್ಗ್ ಅವರ ವಿಚಾರ ಆಡುವವನ ಕಡೆಯೇ ಹೆಚ್ಚು ನೋಡುತ್ತದೆ. ಕೇಳುವವರ ಕಡೆ ನಿಂತರೆ ಬೇರೆಯೇ ಕಾಣುತ್ತದೆ. 1950ರ ಪರಿಶಿಷ್ಟ ಜಾತಿಗಳ ಆದೇಶದಲ್ಲಿ, ತಾಲ್ಲೂಕು ಕಚೇರಿ ಕೊಡುವ ಜಾತಿ ಪ್ರಮಾಣಪತ್ರದಲ್ಲಿ ಹೊಲೆಯ, ಮಾದಿಗ ಎಂಬ ಹೆಸರುಗಳು ಮುದ್ರಿತವಾಗಿವೆ. ಹಕ್ಕು ಕೇಳಲು ಆ ಪದವೇ ಬೇಕು. 2025ರಲ್ಲಿ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ ಮನೆಮನೆ ಸಮೀಕ್ಷೆ ನಡೆಸಿದಾಗ ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಒಟ್ಟು ಹೆಸರು ಹೇಳಿದವರಿಂದ ಮೂಲ ಜಾತಿಯನ್ನೂ ಕೇಳಲಾಯಿತು. ಬೆಂಗಳೂರಿನಲ್ಲಿ ಜಾತಿ ಮುಚ್ಚಿಟ್ಟೇ ಬಾಡಿಗೆ ಮನೆ ಹಿಡಿದವರಿದ್ದಾರೆ. ಬಾಗಿಲಲ್ಲಿ ಗಣತಿದಾರರು, ಪಕ್ಕದ ಮೆಟ್ಟಿಲ ಮೇಲೆ ಮನೆ ಮಾಲೀಕರು. ಪದ ಅದೇ, ಅರ್ಥವೂ ಅದೇ, ಪ್ರಶ್ನೆ ಕೇಳಿದವರಿಗೆ ಯಾವ ದ್ವೇಷವೂ ಇಲ್ಲ. ಆದರೂ ಬಾಯಿಂದ ಹೊರಡುವುದಿಲ್ಲ. ಆ ಒಂದು ಮಾತಿಗೆ ಮುಂದಿನ ತಿಂಗಳು ಮನೆ ಖಾಲಿ ಮಾಡಿಸುವ ಶಕ್ತಿಯಿದೆ. ಇತಿಹಾಸ ಎಂದು ನಾನು ಕರೆಯುವುದು ಇದನ್ನು. ಅದು ಮುಗಿದುಹೋದ ಕಥೆಯಾಗಿದ್ದರೆ ಪದ ಎಂದೋ ತಣ್ಣಗಾಗುತ್ತಿತ್ತು.

ಕವಿ ಸಿದ್ಧಲಿಂಗಯ್ಯ 1975ರಲ್ಲಿ ತಮ್ಮ ಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಎಂದು ಹೆಸರಿಟ್ಟದ್ದರ ಧೈರ್ಯವೂ ಇಲ್ಲೇ ಇದೆ. ಅವರು ಪದದ ಅರ್ಥ ಬದಲಿಸಲಿಲ್ಲ, ಮೃದುವಾದ ಇನ್ನೊಂದು ಹೆಸರನ್ನು ಹುಡುಕಲೂ ಇಲ್ಲ. ಊರು ಕೂಗುತ್ತಿದ್ದ ಹೆಸರನ್ನು ಕೇರಿಯೇ ಮೆರವಣಿಗೆಯಲ್ಲಿ ಹಾಡಿತು. ಅವರೇ ಹೇಳಬಹುದಾದರೆ ನಾವೇಕೆ ಹೇಳಬಾರದು ಎಂದು ಇವತ್ತಿಗೂ ಕೇಳುವವರಿದ್ದಾರೆ. ಆ ಹೆಸರಿನಿಂದ ಹೀಗೆ ಕೇಳುವವರ ಯಾವ ಬಾಗಿಲೂ ಎಂದೂ ಮುಚ್ಚಿಲ್ಲ. ನನ್ನ ಪಾಲಿಗೆ ಉತ್ತರ ಅಷ್ಟೇ.

ಕಾನೂನು ಈ ವಿಚಾರದಲ್ಲಿ ಒಂದು ಮಿತಿಯೊಳಗೆ ಕೆಲಸ ಮಾಡುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಜಾತಿ ನಿಂದನೆ ಸಾರ್ವಜನಿಕರ ಕಣ್ಣೆದುರು ನಡೆದಿರಬೇಕು. 2020ರ ಹಿತೇಶ್ ವರ್ಮಾ ಪ್ರಕರಣದಲ್ಲಿ ನಾಲ್ಕು ಗೋಡೆಗಳ ನಡುವೆ, ಹೊರಗಿನವರಿಲ್ಲದೆ ಆಡಿದ ಮಾತು ಆ ಕಲಮಿನೊಳಗೆ ಬರುವುದಿಲ್ಲ ಎಂದಿತು ಸುಪ್ರೀಂ ಕೋರ್ಟ್. ಒಬ್ಬರನ್ನು ಜೈಲಿಗೆ ಕಳಿಸುವ ಮೊದಲು ಅಂಥ ಗೆರೆ ಬೇಕಾದೀತು. ಆದರೆ ಸಾಕ್ಷಿಗಳಿಲ್ಲದ ಅಡುಗೆಮನೆಯಲ್ಲಿ ಕೆಲಸದಾಕೆಗೆ ಬಿದ್ದ ಮಾತು, ಬಾಗಿಲು ಹಾಕಿದ ಕೋಣೆಯಲ್ಲಿ ಸಂಶೋಧನಾ ವಿದ್ಯಾರ್ಥಿಗೆ ಬಿದ್ದ ಮಾತು ಕಡಿಮೆ ನಿಂದನೆ ಎಂದು ಆ ಗೆರೆ ಹೇಳುವುದಿಲ್ಲ. ಹಾಗೆಂದು ಓದಿಕೊಂಡು ನಿರಾಳವಾದವರು ತೀರ್ಪನ್ನೂ ತಪ್ಪಾಗಿ ಓದಿದ್ದಾರೆ, ಆ ಮನುಷ್ಯರನ್ನೂ.